ಊರಿಗೆಲ್ಲ ಗೊತ್ತು, ಮಂಚದ ಮೇಲಿರುವವರಿಗೆ ಮಾತ್ರ ಗೊತ್ತಿಲ್ಲ

"ಏನೂ ಆಗಿಲ್ಲ ದೊಡ್ಡಮ್ಮ, ಮುಂದಿನ ವಾರ ಮನೆಗೆ ಹೋಗೋಣ."

ಎಷ್ಟು ಸಲೀಸಾಗಿ ಸುಳ್ಳು ಹೇಳ್ತೀವಲ್ವಾ! ಈಗಷ್ಟೇ ಆಸ್ಪತ್ರೆಯಿಂದ ಬಂದೆ, ಮೈಯೆಲ್ಲ ಉರೀತಿದೆ. ಡಾಕ್ಟರು ಕೈಚೆಲ್ಲಿದ್ದಾರೆ. ಅದು ಅಣ್ಣತಮ್ಮಂದಿರಿಗೆ ಗೊತ್ತು, ಸೊಸೆಯಂದಿರಿಗೆ ಗೊತ್ತು, ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಿದ್ದ ದೂರದ ನೆಂಟರಿಗೂ ಗೊತ್ತು. ದೊಡ್ಡಮ್ಮನೊಬ್ಬರಿಗೇ ಗೊತ್ತಿಲ್ಲ. ಅವರು "ಚಿಕ್ಕವಳನ್ನ ಕರೆಸ್ರೋ, ಒಡವೆ ವಿಷಯ ಮಾತಾಡ್ಬೇಕು" ಅಂದರೆ, "ಅದೆಲ್ಲ ಈಗ್ಯಾಕೆ, ಸುಮ್ನೆ ಮಲಗಿ" ಅಂತ ಗದರಿಸಿದರು. ಸಾಯುತ್ತಿರುವವರು ಅವರು. ಅವರ ಸಾವಿನ ಬಗ್ಗೆ ಮಾತಾಡುವ ಹಕ್ಕು ಮಾತ್ರ ಮಿಕ್ಕವರಿಗೆಲ್ಲ!

ಯೂರೋಪಿನ ಇತಿಹಾಸ ಪಾಠ ಮಾಡಿ ಮಾಡಿ ಸವೆದವಳು ನಾನು, ನಿಮಗೆ ಗೊತ್ತೇ ಇದೆ. ಸಿಟ್ಟು ಬಂದರೆ ಮಧ್ಯಯುಗಕ್ಕೆ ಓಡುವುದು ನನ್ನ ಹಳೇ ಚಾಳಿ. ಇವತ್ತೂ ಓಡಿದೆ.

1215ರಲ್ಲಿ ಪೋಪ್ ಮೂರನೇ ಇನೊಸೆಂಟ್ ರೋಮಿನ ಲ್ಯಾಟರನ್‌ನಲ್ಲಿ ದೊಡ್ಡ ಸಭೆ ಸೇರಿಸಿದ. ಅಲ್ಲಿ ಮಾಡಿದ ಕಟ್ಟಳೆಗಳಲ್ಲಿ 22ನೆಯದು ವೈದ್ಯರಿಗೆ. ರೋಗಿಯ ಮನೆಗೆ ಹೋದ ವೈದ್ಯ ಮೊದಲು "ಪಾದ್ರಿಯನ್ನು ಕರೆಸಿಕೊಳ್ಳಿ" ಅನ್ನಬೇಕು. ಔಷಧಿ ಆಮೇಲೆ. ಸಾಯುವ ಮುಂಚೆ ಪಾದ್ರಿಯೆದುರು ಪಾಪ ಒಪ್ಪಿಕೊಂಡು ಕ್ಷಮೆ ಪಡೆಯಬೇಕು ಅನ್ನುವುದು ಅವರ ನಂಬಿಕೆ. ತಪ್ಪಿದರೆ, ಪರಿಹಾರ ಮಾಡಿಕೊಳ್ಳುವ ತನಕ ಅವನಿಗೆ ಚರ್ಚಿನೊಳಗೆ ಪ್ರವೇಶವಿಲ್ಲ. ಕಾರಣವನ್ನೂ ಅದರಲ್ಲೇ ಬರೆದಿದ್ದಾರೆ. ಕಾಯಿಲೆ ಬಿಗಡಾಯಿಸಿದ ಮೇಲೆ ಪಾದ್ರಿಯ ಮಾತೆತ್ತಿದರೆ ರೋಗಿ ಹೆದರಿ ಎದೆಗುಂದುತ್ತಾನೆ, ಅದರಿಂದಲೇ ಸಾವು ಹತ್ತಿರವಾದೀತು ಅಂತ. ಅಂದರೆ "ಹೇಳಿದರೆ ಧೈರ್ಯ ಕಳೆದುಕೊಳ್ತಾರೆ" ಅನ್ನುವ ನಮ್ಮ ನೆಪ ಅವರಿಗೂ ಗೊತ್ತಿತ್ತು. ಅದಕ್ಕೆ ಅವರು ಬಾಯಿ ಮುಚ್ಚಿಕೊಳ್ಳಲಿಲ್ಲ. ಮೊದಲ ದಿನವೇ, ಎಲ್ಲ ರೋಗಿಗಳಿಗೂ ಹೇಳಿ ಅಂದರು.

ನಾವು "ಕೂತಲ್ಲೇ ಹೋದರಂತೆ, ಪುಣ್ಯವಂತರು" ಅಂತೀವಲ್ಲ, ಆ ಕಾಲದ ಕ್ರೈಸ್ತರಿಗೆ ಅದು ಶಾಪ. ತಪ್ಪೊಪ್ಪಿಗೆ ಇಲ್ಲದೆ, ಯಾರಿಗೂ ಹೇಳದೆ ಕೇಳದೆ ಹೋಗಿಬಿಡುವುದು ಅವರಿಗೆ ಎಲ್ಲಕ್ಕಿಂತ ದೊಡ್ಡ ಭಯ. "ಹಠಾತ್ ಸಾವಿನಿಂದ ಕಾಪಾಡು" ಅಂತ ದೇವರನ್ನು ಬೇಡುತ್ತಿದ್ದರು. ಇಂಗ್ಲೆಂಡಿನವರು ಪೋಪನನ್ನು ಬಿಟ್ಟರು, ಈ ಬೇಡಿಕೆಯನ್ನು ಬಿಡಲಿಲ್ಲ. 1662ರ ಅವರ ಪ್ರಾರ್ಥನಾ ಪುಸ್ತಕದಲ್ಲೂ ಅದು ಇದೆ. ಚರ್ಚಿನ ಗೋಡೆ ಮೇಲೆ ಸಂತ ಕ್ರಿಸ್ಟೋಫರನ ಭಾರಿ ಗಾತ್ರದ ಚಿತ್ರ ಬರೆಸುತ್ತಿದ್ದುದೂ ಇದಕ್ಕೇ. ಅವನ ಮುಖ ಕಂಡರೆ ಅವತ್ತಿನ ಮಟ್ಟಿಗೆ ಕೆಟ್ಟ ಸಾವು ಬರಲ್ಲ ಅನ್ನುವ ನಂಬಿಕೆ. ಪ್ಲೇಗ್ ಬಂದು ಪಾದ್ರಿಗಳೇ ಸಿಗದಂತಾದಾಗ, 1349ರ ಜನವರಿಯಲ್ಲಿ ಇಂಗ್ಲೆಂಡಿನ ಬಾತ್ ಮತ್ತು ವೆಲ್ಸ್‌ನ ಬಿಷಪ್ ಒಂದು ಪತ್ರ ಬರೆದ. ಪಾದ್ರಿ ಸಿಗದಿದ್ದರೆ ಸಾಮಾನ್ಯ ಮನುಷ್ಯನ ಹತ್ತಿರವೇ ತಪ್ಪೊಪ್ಪಿಕೊಳ್ಳಿ, ಅವನೂ ಇಲ್ಲದಿದ್ದರೆ ಹೆಂಗಸಾದರೂ ಸರಿ ಅಂತ. (ಆ ಕಾಲದ ಬಿಷಪ್ಪನ ಬಾಯಲ್ಲಿ ಈ ಮಾತು ಬರಬೇಕಾದರೆ ಪರಿಸ್ಥಿತಿ ಹೇಗಿತ್ತೋ!)

ಆಮೇಲೆ, 15ನೇ ಶತಮಾನದಲ್ಲಿ, ಸಾಯುವುದು ಹೇಗೆ ಅಂತ ಒಂದು ಕೈಪಿಡಿಯೇ ಬಂತು, 'ಆರ್ಸ್ ಮೊರಿಯೆಂಡಿ' ಅಂತ. ಅದರ ಚಿಕ್ಕ ಆವೃತ್ತಿಯಲ್ಲಿ ಮರದಚ್ಚಿನ 11 ಚಿತ್ರಗಳು. ಮಂಚದ ಮೇಲೆ ರೋಗಿ, ಸುತ್ತ ದೆವ್ವಗಳು. ಒಂದು ಚಿತ್ರವಂತೂ ನನಗೆ ಬಹಳ ಇಷ್ಟ. ರೋಗಿಗೆ ಸಹನೆ ತಪ್ಪಿದೆ. ಉಪಚಾರಕ್ಕೆ ಬಂದವನನ್ನು ಕಾಲೆತ್ತಿ ಒದೀತಿದ್ದಾನೆ. ಮೇಜು ಉರುಳಿ ಬಟ್ಟಲು, ಚಮಚ ನೆಲದ ಪಾಲು. ಪಕ್ಕದಲ್ಲಿ ದೆವ್ವಕ್ಕೆ ಖುಷಿಯೋ ಖುಷಿ. ಸಾಯುವವರು ಶಾಂತಮೂರ್ತಿಗಳಾಗಿ ಮಲಗಿರ್ತಾರೆ ಅನ್ನುವ ಭ್ರಮೆ ಆ ಚಿತ್ರ ಕೆತ್ತಿದವನಿಗೆ ಇರಲಿಲ್ಲ. ರೇಗ್ತಾರೆ, ಹೆದರ್ತಾರೆ, ಮನೆ ಆಸ್ತಿ ಅಂತ ಒದ್ದಾಡ್ತಾರೆ, ಎಲ್ಲಾ ಗೊತ್ತಿತ್ತು. ಹಾಗಿದ್ದೂ ಆ ಕೈಪಿಡಿ ಮಂಚದ ಸುತ್ತ ಇರುವವರಿಗೆ ಹೇಳುವುದೇನು? ಗುಣವಾಗುತ್ತೆ ಅಂತ ರೋಗಿಗೆ ಇಲ್ಲದ ಆಸೆ ಹುಟ್ಟಿಸಬೇಡಿ!

ಈಗ ಕಾಮೆಂಟಿಗೆ ಕೈ ಹಾಕಿರ್ತೀರಿ, ಗೊತ್ತು. "ಮೇಡಂ, ಚರ್ಚ್ ಸಾವಿನ ಹೆಸರಲ್ಲಿ ದುಡ್ಡು ಮಾಡಲಿಲ್ವಾ?" ಮಾಡಿತು. ಸತ್ತವರ ಆತ್ಮ ಪಾಪ ತೊಳೆದುಕೊಳ್ಳಲು ಬೇಯುವ ಶುದ್ಧೀಕರಣಲೋಕದ ಬೆಂಕಿ ತೋರಿಸಿ, ಸತ್ತವರ ಹೆಸರಲ್ಲಿ ಪೂಜೆ ಮಾಡಿಸಿ, ಪಾಪವಿಮೋಚನಾ ಪತ್ರ ಮಾರಿ ದುಡ್ಡು ಬಾಚಿತು. 1517ರಲ್ಲಿ ಜರ್ಮನಿಯ ಪಾದ್ರಿ ಮಾರ್ಟಿನ್ ಲೂಥರ್ ಚರ್ಚಿನ ವಿರುದ್ಧ ಸುಮ್ನೆ ಸಿಡಿದೇಳಲಿಲ್ಲ. ದೀಕ್ಷಾಸ್ನಾನ ಆಗದೆ ಸತ್ತ ಕೂಸಿಗೆ ಚರ್ಚಿನ ಮಣ್ಣೂ ಕೊಡದ ಕ್ರೌರ್ಯ ನೆನೆದರೆ ಈಗಲೂ ಹೊಟ್ಟೆ ತೊಳಸುತ್ತೆ. ಆದರೆ ಅದು ಬೇರೆ ಲೆಕ್ಕ. ಅವರು ಕಿತ್ತರು ಅಂತ ನಾವು ಸುಳ್ಳು ಹೇಳಬೇಕಾ? ಮತ್ತೆ ಸಾಯುವವರ ಹೆಸರಲ್ಲಿ ಈಗ ಯಾರೂ ದುಡ್ಡು ಕೀಳ್ತಿಲ್ವಾ? ವೆಂಟಿಲೇಟರಿನ ಬಿಲ್ ಒಮ್ಮೆ ನೋಡಿ.

ಇನ್ನೊಬ್ಬ ಆಸಾಮಿ ಇದ್ದಾನೆ, ಜಾನ್ ಡನ್. ಕವಿ, ಲಂಡನ್ನಿನ ಸಂತ ಪೌಲರ ಚರ್ಚಿನ ಮುಖ್ಯ ಪಾದ್ರಿ. 1631ರ ಫೆಬ್ರುವರಿಯಲ್ಲಿ, ಕಾಯಿಲೆಯಿಂದ ಕೃಶನಾಗಿ, ರಾಜನ ಎದುರು ಸಾವಿನ ಬಗ್ಗೆಯೇ ಉಪದೇಶ ಮಾಡಿದ. ಇವನು ತನ್ನ ತಿಥಿಯ ಭಾಷಣ ತಾನೇ ಮಾಡಿಕೊಂಡ ಅಂತ ಅರಮನೆಯವರು ಆಡಿಕೊಂಡರು. ಮಾರ್ಚ್ 31ಕ್ಕೆ ತೀರಿಕೊಂಡ. ಹೆಣದ ಬಟ್ಟೆ ಸುತ್ತಿಕೊಂಡ ಅವನ ಕಲ್ಲಿನ ಪ್ರತಿಮೆ ಲಂಡನ್ನನ್ನು ಸುಟ್ಟ 1666ರ ಬೆಂಕಿಯಲ್ಲೂ ಉಳಿದು, ಈಗಲೂ ಅದೇ ಚರ್ಚಿನಲ್ಲಿದೆ. ನಾಟಕ ಸ್ವಲ್ಪ ಜಾಸ್ತಿಯೇ ಆಯ್ತು, ಒಪ್ತೀನಿ. ಆದರೆ ಅವನ ಸಾವು ಅವನ ಕೈಯಲ್ಲಿತ್ತು. ಕ್ಯಾಂಟೀನಿನ ಗುಸುಗುಸುವಿನಲ್ಲಿ ಇರಲಿಲ್ಲ.

ಇಷ್ಟೆಲ್ಲ ಬರೆದಳು ಅಂತ ನನ್ನನ್ನು ಗಟ್ಟಿಗಿತ್ತಿ ಅಂದುಕೊಳ್ಳಬೇಡಿ. ಬಿಪಿ ನೋಡಿಸಿಕೊಳ್ಳಲೂ ಹೆದರುವ ಪ್ರಾಣಿ ನಾನು. ದೇವರು, ನರಕ ಯಾವುದರ ಮೇಲೂ ಅಂಥ ನಂಬಿಕೆ ಇಲ್ಲ. ಆದರೂ ನನ್ನ ಸರದಿ ಬಂದಾಗ ದಯವಿಟ್ಟು ನನಗೆ ಮೊದಲು ಹೇಳಿ. ಬೈಯಬಹುದು, ಒದೆಯಲೂಬಹುದು, ತಡ್ಕೊಳ್ಳಿ. ಲಾಕರ್ ಕೀ ಎಲ್ಲಿದೆ ಅಂತ ಹೇಳಬೇಕಿರುತ್ತೆ. ಮಾತು ಬಿಟ್ಟಿರುವ ಇಬ್ಬರನ್ನು ಕರೆಸಬೇಕಿರುತ್ತೆ. ಅವರಲ್ಲಿ ಒಬ್ಬರು ಈಗ ಇದನ್ನು ಓದ್ತಿರಬಹುದು. ಲೈಕ್ ಒತ್ತಲ್ಲ ಬಿಡಿ.