ಕೊಡಲ್ಲ ಅಂತಾದರೂ ಬರೆದುಕೊಡಿ

ಮನೆ ಸುಟ್ಟು ಏಳು ತಿಂಗಳಾಯಿತು. ಇವತ್ತು ಬೆಳಿಗ್ಗೆ ಮತ್ತೆ ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿದೆ. ಕ್ಲೇಮ್ ನಂಬರ್ ಕೇಳಿದರು, ಹುಟ್ಟಿದ ತಾರೀಕು ಕೇಳಿದರು, ಹತ್ತು ನಿಮಿಷ ಕಾಯಿಸಿದರು, ಕೊನೆಗೆ ಹೇಳಿದ್ದು ಅದೇ ಹಳೇ ಮಾತು. "ತನಿಖೆ ನಡೀತಾ ಇದೆ ಸರ್." ಯಾರು ಮಾಡ್ತಾ ಇದ್ದಾರೆ? ಇನ್ನೇನು ಬಾಕಿ ಇದೆ? ಯಾವಾಗ ಮುಗಿಯುತ್ತೆ? ಅದು ಅವರಿಗೆ ಗೊತ್ತಿಲ್ಲವಂತೆ.

ಕೊಡ್ತೀವಿ ಅಂತ ಹೇಳಲ್ಲ. ಕೊಡಲ್ಲ ಅಂತಲೂ ಹೇಳಲ್ಲ. ಕೊಡಲ್ಲ ಅಂತ ಒಂದು ಕಾಗದ ಬರೆದುಕೊಟ್ಟರೆ ಅದನ್ನು ಹಿಡಿದುಕೊಂಡು ಮೇಲಿನವರ ಹತ್ತಿರ ಹೋಗಬಹುದು, ವಕೀಲರನ್ನು ನೋಡಬಹುದು, ಕೋರ್ಟು ಕಚೇರಿ ಅಂತ ಅಲೆಯಬಹುದು. ಏನೂ ಹೇಳದೆ ಸುಮ್ನೆ ಕೂತರೆ ನಾನು ಯಾರ ಹತ್ತಿರ ಏನಂತ ಜಗಳ ಆಡಲಿ?

ಆದದ್ದು ಇಷ್ಟು. ಆವತ್ತು ರಾತ್ರಿ ನಾವು ಮನೆಯಲ್ಲಿರಲಿಲ್ಲ, ನೆಂಟರ ಮನೆಗೆ ಹೋಗಿದ್ದೆವು. ಎರಡು ಗಂಟೆಗೆ ಪಕ್ಕದ ಮನೆಯವರು ಫೋನ್ ಮಾಡಿದರು. ನಾವು ಓಡಿ ಬರೋ ಹೊತ್ತಿಗೆ ಅಗ್ನಿಶಾಮಕದವರು ನೀರು ಹೊಡೀತಾ ಇದ್ದರು, ಹಿಂದಿನ ಭಾಗ ಪೂರ್ತಿ ಹೋಗಿತ್ತು. ಬೆಂಕಿ ಶುರುವಾದದ್ದು ಹಿತ್ತಲ ಕಡೆಯ ಸ್ಟೋರ್ ರೂಮಿನಲ್ಲಿ. ಅಲ್ಲಿ ಒಲೆ ಇಲ್ಲ, ಸಿಲಿಂಡರ್ ಇಲ್ಲ. ವೈರಿಂಗ್ ನೋಡಿದರೆ ಶಾರ್ಟ್ ಸರ್ಕ್ಯೂಟ್ ಆದ ಗುರುತೂ ಸರಿಯಾಗಿ ಸಿಗಲಿಲ್ಲ. ಹಾಗಾಗಿ ಅಗ್ನಿಶಾಮಕದವರ ವರದಿಯಲ್ಲಿ "ಕಾರಣ ಖಚಿತವಾಗಿಲ್ಲ, ಅನುಮಾನಾಸ್ಪದ" ಅಂತ ಬರೆದರು. ಬರೆಯಲಿ. ನನಗೂ ಅನುಮಾನ ಇದೆ. ಯಾರೋ ಬೇಕಂತಲೇ ಹಚ್ಚಿದ್ದರೆ ಅವನು ಇನ್ನೂ ಹೊರಗೇ ಓಡಾಡ್ತಾ ಇದ್ದಾನೆ ಅಲ್ವಾ? ರಾತ್ರಿ ನನಗೆ ನಿದ್ದೆ ಬರದೇ ಇರೋದು ಅದಕ್ಕೆ.

ಆದರೆ ಕಂಪನಿಯ ತನಿಖೆಯವರು ಬಂದಾಗ ಅದನ್ನು ಕೇಳಲೇ ಇಲ್ಲ. ನಿಮಗೆ ಯಾರ ಮೇಲಾದರೂ ಅನುಮಾನ ಇದೆಯಾ, ಯಾರ ಜೊತೆಗಾದರೂ ಜಗಳ ಆಗಿತ್ತಾ, ಒಂದು ಸಲವೂ ಕೇಳಲಿಲ್ಲ. ಸಾಲ ಎಷ್ಟಿದೆ ಅಂತ ಮಾತ್ರ ನಾಲ್ಕು ಸಲ ಕೇಳಿದರು. ಮೂರು ವರ್ಷದ ಬ್ಯಾಂಕ್ ಪಾಸ್ ಬುಕ್, ಫೋನಿನ ಕರೆಗಳ ಪಟ್ಟಿ, ಸಂಬಳದ ಚೀಟಿ, ಎಲ್ಲ ಕೊಟ್ಟೆ. ಮುಚ್ಚಿಡೋದೇನೂ ಇಲ್ಲ. ಎರಡು ವರ್ಷದ ಹಿಂದೆ ಒಂದು ತಿಂಗಳು ಮನೆ ಸಾಲದ ಕಂತು ತಡವಾಗಿತ್ತು, ಅದು ಅವರ ಕಣ್ಣಿಗೆ ಬಿತ್ತು. ಹೋದ ವರ್ಷ ಮೇಲೊಂದು ಕೋಣೆ ಕಟ್ಟಿಸಿದ್ದಕ್ಕೆ ಪಾಲಿಸಿ ಮೊತ್ತ ಜಾಸ್ತಿ ಮಾಡಿಸಿದ್ದೆ, ಅದೂ ಬಿತ್ತು. ಹಾಗೆ ಮಾಡಿಸಿ ಅಂತ ಹೇಳಿದ್ದು ಅವರದೇ ಏಜೆಂಟ್! ಮನೆಯಲ್ಲಿ ಇರಲಿಲ್ಲ ಅನ್ನೋದೂ ಈಗ ತಪ್ಪು. ಇದ್ದಿದ್ದರೆ ನಾವು ನಾಲ್ಕು ಜನ ಇವತ್ತು ಬದುಕಿರುತ್ತಿದ್ದೆವೋ ಇಲ್ಲವೋ.

ಸ್ಟೋರ್ ರೂಮಿನ ಬೂದಿಯಲ್ಲಿ ಥಿನ್ನರ್ ಅಂಶ, ಅಂದರೆ ಬಣ್ಣಕ್ಕೆ ಬೆರೆಸೋ, ಬೇಗ ಹೊತ್ತಿಕೊಳ್ಳೋ ದ್ರವದ ಅಂಶ ಸಿಕ್ಕಿದೆ ಅಂತ ಲ್ಯಾಬ್ ವರದಿ ಬಂತು. ಸಿಗದೇ ಇರುತ್ತಾ? ಕಿಟಕಿಗೆ ಬಣ್ಣ ಹೊಡೆಸಿ ಉಳಿದ ಥಿನ್ನರ್ ಡಬ್ಬ ಅಲ್ಲೇ ಇತ್ತು. ಅದನ್ನು ನಾನೇ ಮೊದಲ ದಿನ ಹೇಳಿದ್ದೆ, ನನ್ನ ಹೇಳಿಕೆಯಲ್ಲೂ ಬರೆಸಿದ್ದೆ. ಈಗ ಏನೋ ದೊಡ್ಡ ಗುಟ್ಟು ಹೊರಬಿದ್ದ ಹಾಗೆ ಅದನ್ನೇ ಮುಂದಿಟ್ಟುಕೊಂಡು ಕೂತಿದ್ದಾರೆ.

ಕಿಟಕಿ ಗಾಜಿನ ಮೇಲೆ ಜೇಡರ ಬಲೆಯ ಹಾಗೆ ಸಣ್ಣ ಸಣ್ಣ ಬಿರುಕು ಇತ್ತು. ಅದನ್ನು ತೋರಿಸಿ ಕಂಪನಿಯ ತನಿಖೆಯ ಮನುಷ್ಯ "ಏನೋ ಸುರಿದು ಹಚ್ಚಿದಾಗ ಬೇಗ ಕಾವು ಏರಿ ಹೀಗಾಗೋದು" ಅಂದ. ನಾನು ಮನೆಗೆ ಬಂದು ಕೂತು ಓದಿದೆ. 1991ರಲ್ಲಿ ಅಮೆರಿಕದ ಓಕ್‌ಲ್ಯಾಂಡ್ ಬೆಟ್ಟದಲ್ಲಿ ದೊಡ್ಡ ಬೆಂಕಿ ಬಿದ್ದು ಸಾವಿರಾರು ಮನೆ ಸುಟ್ಟವು. ಆಮೇಲೆ ತಜ್ಞರು ಅಂಥ 50 ಮನೆಗಳನ್ನು ಪರೀಕ್ಷೆ ಮಾಡಿದರು. ಅವನ್ನು ಯಾರೂ ಎಣ್ಣೆ ಸುರಿದು ಹಚ್ಚಿರಲಿಲ್ಲ, ಆದರೂ ಕೆಲವು ಮನೆಗಳಲ್ಲಿ ಇದೇ ಥರದ ಬಿರುಕಿನ ಗಾಜು ಸಿಕ್ಕಿತು. ಕಾದ ಗಾಜಿಗೆ ತಣ್ಣೀರು ಬಿದ್ದರೆ ಹಾಗಾಗುತ್ತೆ ಅಂತ ಪ್ರಯೋಗ ಮಾಡಿ ತೋರಿಸಿದ್ದಾರೆ. ನಮ್ಮ ಮನೆಗೆ ಆವತ್ತು ಎರಡು ಗಾಡಿ ನೀರು ಹೊಡೆದಿದ್ದಾರೆ!

ನೆಲದ ಮೇಲಿನ ಸುಟ್ಟ ಗುರುತು ತೋರಿಸಿ ಅದೂ ಏನೋ ಸುರಿದದ್ದರಿಂದಲೇ ಆಗಿದ್ದು ಅಂದ. ಆ ಕಥೆಯೂ ಅಷ್ಟೇ. ಮುಚ್ಚಿದ ಕೋಣೆಯಲ್ಲಿ ಬೆಂಕಿ ಬಿದ್ದರೆ ಬಿಸಿ ಹೊಗೆ ಸೂರಿನ ಕೆಳಗೆ ತುಂಬಿಕೊಳ್ಳುತ್ತಾ ಹೋಗುತ್ತೆ. ಅದು ಸುಮಾರು 600 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದರ ಕಾವಿಗೇ ಕೋಣೆಯೊಳಗಿನ ಸಾಮಾನೆಲ್ಲ ಒಟ್ಟಿಗೆ ಹೊತ್ತಿಕೊಳ್ಳುತ್ತೆ. ಇದಕ್ಕೆ ಫ್ಲ್ಯಾಶ್‌ಓವರ್ ಅಂತಾರೆ. ಅದಾದ ಮೇಲೆ ನೆಲ ಅಡ್ಡಾದಿಡ್ಡಿ ಸುಟ್ಟು, ಏನೋ ಸುರಿದ ಹಾಗೆ ಕಾಣುತ್ತೆ. ಬೆಂಕಿ ತನಿಖೆಗೆ ಅಂತಲೇ ಅಮೆರಿಕದ ಅಗ್ನಿ ಸುರಕ್ಷತಾ ಸಂಘದವರು ತರೋ ಎನ್‌ಎಫ್‌ಪಿಎ 921 ಅನ್ನೋ ಕೈಪಿಡಿ ಇದೆ, 1992ರಿಂದ ಬರ್ತಾ ಇದೆ. ಬೇರೆ ಕಾರಣ ಯಾವುದೂ ಸಿಗಲಿಲ್ಲ, ಆದ್ದರಿಂದ ಯಾರೋ ಹಚ್ಚಿರಬೇಕು ಅಂತ ತೀರ್ಮಾನ ಮಾಡೋದು ವಿಜ್ಞಾನದ ಕ್ರಮ ಅಲ್ಲ ಅಂತ ಅದರ 2011ರ ಆವೃತ್ತಿ ಹೇಳಿದೆ. ನನ್ನಂಥ ಸಾಮಾನ್ಯ ಮನುಷ್ಯನಿಗೆ ಎರಡು ರಾತ್ರಿಯಲ್ಲಿ ಸಿಕ್ಕಿದ್ದು ಇದೇ ಕೆಲಸಕ್ಕೆ ದುಡ್ಡು ತಗೊಳ್ಳೋರಿಗೆ ಗೊತ್ತಿರಬೇಡವಾ?

ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಮಳೆ ವಿಷಯ. ನಷ್ಟ ಲೆಕ್ಕ ಹಾಕೋಕೆ ಕಂಪನಿ ಕಡೆಯಿಂದ ಮೊದಲು ಬಂದ ಸರ್ವೇಯರ್ "ಏನನ್ನೂ ಮುಟ್ಟಬೇಡಿ, ಒಂದು ಕಡ್ಡಿ ಸರಿಸಿದರೂ ಸಾಕ್ಷಿ ಹಾಳಾಗುತ್ತೆ" ಅಂದರು. ಸರಿ ಅಂತ ಹಾಗೇ ಬಿಟ್ಟೆವು. ಅವರು ಬೇರೆ ಕಡೆ ಹೋದರು, ಎರಡನೆಯವರು ಬಂದು ಮತ್ತೆ ಮೊದಲಿಂದ ಫೋಟೋ ತೆಗೆದರು, ಅವರೂ ಹೋದರು. ಅಷ್ಟರಲ್ಲಿ ಮಳೆ ಶುರುವಾಯಿತು. ಚಾವಣಿ ಇಲ್ಲದ ಮನೆ, ನೀರು ನುಗ್ಗಿ ಬೆಂಕಿ ತಾಗದ ಮುಂದಿನ ಕೋಣೆಯೂ ಬೂಸ್ಟು ಹಿಡಿದು ಹಾಳಾಯಿತು. ಮೂರನೆಯವರು ಬಂದು ಗೋಡೆ ನೋಡಿ ಏನಂದರು ಗೊತ್ತಾ? "ಇದು ನೀರಿನ ಹಾನಿ, ಬೆಂಕಿಯ ಕ್ಲೇಮ್‌ಗೆ ಬರಲ್ಲ. ನೀವು ಟಾರ್ಪಾಲ್ ಹಾಕಿ ಕಾಪಾಡಿಕೊಳ್ಳಬೇಕಿತ್ತು." ಮುಟ್ಟಬೇಡಿ ಅಂದವರೂ ನೀವೇ, ಯಾಕೆ ಮುಟ್ಟಲಿಲ್ಲ ಅಂತ ಕೇಳೋರೂ ನೀವೇ. ಮೊದಲನೆಯವರು ಅದನ್ನು ಬಾಯಲ್ಲಿ ಹೇಳಿದ್ದರು, ಬರೆದುಕೊಟ್ಟಿರಲಿಲ್ಲ. ಅಲ್ಲೇ ನಾನು ಸಿಕ್ಕಿಬಿದ್ದೆ. ಯಾರಿಗಾದರೂ ಹೀಗಾದರೆ ಅವರು ಬಾಯಲ್ಲಿ ಹೇಳಿದ ಪ್ರತಿಯೊಂದನ್ನೂ ಅದೇ ದಿನ ಇಮೇಲ್ ಮಾಡಿ, "ನೀವು ಹೀಗೆ ಹೇಳಿದಿರಿ" ಅಂತ. ಮುಟ್ಟಬಾರದು ಅಂದರೆ ಚಾವಣಿ ಮುಚ್ಚೋಕೆ ಅನುಮತಿಯನ್ನೂ ಬರಹದಲ್ಲೇ ಕೇಳಿ. ನನಗೆ ಆ ಬುದ್ಧಿ ಹೇಳೋರು ಯಾರೂ ಇರಲಿಲ್ಲ.

ಸಾಮಾನಿನ ಪಟ್ಟಿ ಬರೆಯೋದು ಇನ್ನೊಂದು ಶಿಕ್ಷೆ. ಏನೇನಿತ್ತು, ಯಾವ ವರ್ಷ ತಗೊಂಡಿದ್ದು, ಬಿಲ್ ಎಲ್ಲಿ? ಬಿಲ್ಲುಗಳೂ ಅದೇ ಬೀರುವಿನಲ್ಲಿ ಬೂದಿಯಾಗಿವೆ ಅಂದರೆ ಅರ್ಥವೇ ಆಗಲ್ಲ. ನನ್ನ ಹೆಂಡತಿ ರಾತ್ರಿ ಕಣ್ಣು ಮುಚ್ಚಿಕೊಂಡು ಕೂರುತ್ತಾಳೆ. ಬಾಗಿಲು ತೆಗೆದರೆ ಎಡಗಡೆ ಏನಿತ್ತು, ಮೇಲಿನ ಹಲಗೆಯಲ್ಲಿ ಏನಿತ್ತು ಅಂತ ನೆನಪು ಮಾಡಿಕೊಂಡು ಒಂದೊಂದೇ ಬರೆಯುತ್ತಾಳೆ, ಅರ್ಧಕ್ಕೆ ಅಳು ಬಂದು ಪೆನ್ನು ಇಟ್ಟುಬಿಡುತ್ತಾಳೆ. ಅಮ್ಮನ ಹೊಲಿಗೆ ಯಂತ್ರ ಅಂತ ಬರೆದಿದ್ದಳು. ಅದಕ್ಕೆ ಸರ್ವೇಯರ್ ಸವಕಳಿ ಲೆಕ್ಕ ಹಾಕಿ, ಅಂದರೆ ಹಳೆಯದಾದಷ್ಟೂ ಬೆಲೆ ಇಳಿಸಿ, ಬೆಲೆ ಹತ್ತಿರ ಹತ್ತಿರ ಸೊನ್ನೆ ಅಂದರು. ಲೆಕ್ಕ ಸರಿ ಇರಬಹುದು. ಆ ಯಂತ್ರದಲ್ಲಿ ಹೊಲಿದು ಅಮ್ಮ ನನ್ನನ್ನು ಓದಿಸಿದ್ದು.

ಈ ಏಳು ತಿಂಗಳಲ್ಲಿ ಬ್ಯಾಂಕಿನವರು ಒಂದು ಕಂತೂ ಬಿಟ್ಟಿಲ್ಲ. ಇಲ್ಲದ ಮನೆಗೆ ಕಂತು, ಇರೋ ಮನೆಗೆ ಬಾಡಿಗೆ. ಮಕ್ಕಳ ಮುಂದೆ ಏನೂ ಆಗಿಲ್ಲ ಅನ್ನೋ ಹಾಗೆ ಇರಬೇಕು. ಹೋದ ವಾರ ಇದೇ ಕಂಪನಿಯಿಂದ ಮೆಸೇಜ್ ಬಂತು, ಪಾಲಿಸಿ ನವೀಕರಣದ ಪ್ರೀಮಿಯಂ ಕಟ್ಟಿ ಅಂತ. ಅದನ್ನು ಓದಿ ಕೈ ನಡುಗಿತು. ದುಡ್ಡು ತಗೊಳ್ಳೋ ತಾರೀಕು ಒಂದು ದಿನವೂ ತಪ್ಪಲ್ಲ ಇವರಿಗೆ.

ಪಾಲಿಸಿಯನ್ನು ನಾನು ಸಾಲು ಸಾಲಾಗಿ ಓದಿದ್ದೇನೆ. ಬೇರೆ ಯಾರಾದರೂ ದುರುದ್ದೇಶದಿಂದ ಬೆಂಕಿ ಹಚ್ಚಿದರೂ ನಷ್ಟ ಕೊಡಬೇಕು ಅಂತ ಅದರಲ್ಲೇ ಇದೆ. ಪಾಲಿಸಿ ಮಾಡಿಸಿದವನೇ ಹಚ್ಚಿದರೆ ಮಾತ್ರ ಕೊಡಲ್ಲ. ಅಂದರೆ ಇವರು ಏಳು ತಿಂಗಳಿಂದ ಕಾಯಿಸ್ತಾ ಇರೋದರ ಅರ್ಥ ಒಂದೇ, ನಾನೇ ಹಚ್ಚಿದ್ದೇನೆ ಅಂತ ಅವರ ಮನಸ್ಸಿನಲ್ಲಿದೆ. ಇದ್ದರೆ ನೇರವಾಗಿ ಹೇಳಲಿ. ಯಾವ ಸಾಕ್ಷಿ ಅಂತ ತೋರಿಸಲಿ. ಸುಳ್ಳು ಕ್ಲೇಮ್ ಮಾಡೋರು ಇರ್ತಾರೆ, ತನಿಖೆ ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ. ಆದರೆ ಪೊಲೀಸರು ನನ್ನನ್ನು ಎರಡು ಸಲ ಕರೆದು ಕೇಳಿ ಕಳಿಸಿದ್ದಾರೆ, ನನ್ನ ಮೇಲೆ ಕೇಸಿಲ್ಲ, ಅವರ ಪಟ್ಟಿಯಲ್ಲಿ ನನ್ನ ಹೆಸರೂ ಇಲ್ಲ. ಇಷ್ಟಾದರೂ ಬೀದಿಯಲ್ಲಿ ಜನ ನನ್ನನ್ನು ನೋಡಿ ಮಾತು ನಿಲ್ಲಿಸ್ತಾರೆ, ಇನ್ನೂ ದುಡ್ಡು ಬಂದಿಲ್ಲ ಅಂದರೆ ಏನೋ ಇರಬೇಕು ಅಂತ.

ನಾಳೆ ರಜೆ ಹಾಕಿದ್ದೇನೆ. ಎರಡೇ ಪ್ರಶ್ನೆ ಬರೆದ ಕಾಗದ ತಗೊಂಡು ಅವರ ಆಫೀಸಿಗೆ ಹೋಗ್ತೀನಿ. ನನ್ನ ಕಡೆಯಿಂದ ಯಾವ ದಾಖಲೆ ಬಾಕಿ ಇದೆ? ಯಾವ ತಾರೀಕಿಗೆ ತೀರ್ಮಾನ ಹೇಳ್ತೀರಿ? ಕಾಗದ ತಲುಪಿದೆ ಅಂತ ಸೀಲು, ಸಹಿ ಹಾಕಿಕೊಡೋವರೆಗೂ ಅಲ್ಲಿಂದ ಏಳಲ್ಲ.