ಹದಿಮೂರನೆಯ ಸೌಟು

ನಾಲ್ಕು ಜನ ಸಾಫ್ಟ್‌ವೇರ್ ಕೆಲಸದವರು ಸೇರಿದ ಕಡೆ ರಾಜಕೀಯ ಎತ್ತಬೇಡಿ ಎಂದು ತಿಳಿದವರು ಹೇಳುತ್ತಾರೆ. ರಾಜಕೀಯ ಎತ್ತಿದರೆ ಹೆಚ್ಚೆಂದರೆ ಕಾಫಿ ಆರುತ್ತದೆ. ನಿಜವಾಗಿ ಎತ್ತಬಾರದ ಮಾತು ಬೇರೆಯೇ ಇದೆ: ‘ಒಂದು ಚಿಕ್ಕ ವೆಬ್‌ಸೈಟ್ ಮಾಡಬೇಕಿತ್ತು, ಯಾವುದರಲ್ಲಿ ಮಾಡಲಿ?’

ಎತ್ತದೆ ನನಗೆ ಗತಿಯಿರಲಿಲ್ಲ. ತಿಪಟೂರಿನಲ್ಲಿ ನಮ್ಮ ಭಾವನವರದು ಶಾಮಿಯಾನ ಮತ್ತು ಪಾತ್ರೆ ಬಾಡಿಗೆಯ ಅಂಗಡಿ. ಯಾರ ಮನೆಗೆ ಯಾವ ದಿನ ಏನು ಹೋಗಿದೆ, ಎಷ್ಟು ವಾಪಸು ಬಂದಿದೆ, ಮುಂಗಡ ಎಷ್ಟು, ಬಾಕಿ ಎಷ್ಟು ಎಂಬುದೆಲ್ಲ ಉದ್ದನೆಯ ಪುಸ್ತಕವೊಂದರಲ್ಲಿತ್ತು. ಪುಸ್ತಕದಲ್ಲಿ ಇಲ್ಲದ್ದು ಭಾವನ ತಲೆಯಲ್ಲಿತ್ತು. ‘ನೀನು ಕಂಪ್ಯೂಟರಿನವನಲ್ಲವೇ, ಇದನ್ನೆಲ್ಲ ಮೊಬೈಲಿನಲ್ಲಿ ನೋಡುವ ಹಾಗೆ ಮಾಡಿಕೊಡು. ಒಂದು ಭಾನುವಾರದ ಕೆಲಸ’ ಎಂದರು. ಒಂದು ಭಾನುವಾರದ ಕೆಲಸ ಎನ್ನುವವರು ಯಾವತ್ತೂ ಇನ್ನೊಬ್ಬರ ಭಾನುವಾರದ ಬಗ್ಗೆಯೇ ಮಾತನಾಡುತ್ತಿರುತ್ತಾರೆ.

ಗೆಳೆಯರ ಮುಂದೆ ವಿಷಯ ಇಟ್ಟೆ. ಜಾವಾ ಭಾಷೆಯ ಗೆಳೆಯನಿಗೆ ಸ್ಪ್ರಿಂಗ್ ಬೂಟ್ ಎಂಬ ಫ್ರೇಮ್‌ವರ್ಕ್, ಅಂದರೆ ವೆಬ್‌ಸೈಟ್ ಕಟ್ಟಲು ಸಿಗುವ ಸಿದ್ಧ ಚೌಕಟ್ಟು, ಬಿಟ್ಟರೆ ಮಿಕ್ಕಿದ್ದೆಲ್ಲ ಮಕ್ಕಳಾಟ. ಬ್ಯಾಂಕುಗಳಿಗೆ ಕೆಲಸ ಮಾಡಿ ಪಳಗಿದವನು. ‘ನಾಳೆ ಹತ್ತು ಲಕ್ಷ ಜನ ಒಟ್ಟಿಗೆ ಬಂದರೆ ನಿನ್ನ ಸರ್ವರ್ ತಡೆಯುತ್ತದೆಯೇ?’ ಎಂದು ಗಂಭೀರವಾಗಿ ಕೇಳಿದ. ಭಾವನ ಹತ್ತಿರ ಇರುವುದು ಆರುನೂರು ಕುರ್ಚಿ. ಹತ್ತು ಲಕ್ಷ ಜನ ಬಂದರೆ ಸರ್ವರ್ ತಡೆದೀತು, ಭಾವ ತಡೆಯುವುದಿಲ್ಲ. ಇನ್ನೊಬ್ಬ, ಜಾವಾಸ್ಕ್ರಿಪ್ಟ್ ಭಾಷೆಯನ್ನು ಸರ್ವರಿನಲ್ಲಿ ಓಡಿಸುವ ನೋಡ್‌ಜೆಎಸ್ ಪಕ್ಷದವನು. ಬ್ರೌಸರಿನಲ್ಲೂ ಸರ್ವರಿನಲ್ಲೂ ಒಂದೇ ಜಾವಾಸ್ಕ್ರಿಪ್ಟ್ ಸಾಕು, 2009ರಲ್ಲಿ ರಯಾನ್ ಡಾಲ್ ನೋಡ್ ತಂದ ದಿನವೇ ಈ ಜಗಳ ಮುಗಿದಿದೆ ಎಂದು ತೀರ್ಪು ಕೊಟ್ಟ. ಆಮೇಲೆ ನೋಡ್‌ನ ಮೇಲೆ ಯಾವ ಫ್ರೇಮ್‌ವರ್ಕ್ ಹಾಕಬೇಕು ಎಂದು ಕೇಳಿದ್ದಕ್ಕೆ ತನ್ನೊಂದಿಗೆ ತಾನೇ ಜಗಳಕ್ಕೆ ನಿಂತ.

ನನ್ನ ಒಲವು ಪೈಥಾನ್ ಭಾಷೆಯ ಜಾಂಗೋ ಎಂಬ ಫ್ರೇಮ್‌ವರ್ಕ್ ಕಡೆಗೆ. ಅದು ಹುಟ್ಟಿದ್ದು ಅಮೆರಿಕದ ಕಾನ್ಸಾಸ್‌ನ ಲಾರೆನ್ಸ್ ಎಂಬ ಊರಿನ ಪತ್ರಿಕಾ ಕಚೇರಿಯಲ್ಲಿ. 2005ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಸಂಪಾದಕರು ಮಧ್ಯಾಹ್ನ ಬಂದು ಸಂಜೆಯೊಳಗೆ ಆಗಬೇಕು ಎನ್ನುವ ಜಾಗದಲ್ಲಿ ಬೆಳೆದ ಸಾಮಾನಿಗೆ ಒಂದು ವಿವೇಕ ಇರುತ್ತದೆ. ಕೋಷ್ಟಕ ಯಾವುದೆಂದು ಹೇಳಿಬಿಟ್ಟರೆ ಸೇರಿಸುವ, ತಿದ್ದುವ, ಹುಡುಕುವ ಪರದೆಗಳನ್ನು ಅದೇ ಕಟ್ಟಿಕೊಡುತ್ತದೆ. ಭಾವನಿಗೆ ಬೇಕಾದದ್ದು ಅಷ್ಟೇ. ಆದರೆ ಹೀಗೆ ಹೇಳಿದರೆ ಚರ್ಚೆ ಮುಗಿದುಹೋಗುತ್ತದೆ. ಚರ್ಚೆ ಮುಗಿಯುವುದು ಅಲ್ಲಿ ಯಾರಿಗೂ ಬೇಕಿರಲಿಲ್ಲ.

ಲೆಕ್ಕವನ್ನೆಲ್ಲ ಇಡುವ ಡೇಟಾಬೇಸಿನ ಸರದಿ ಬಂದಾಗ ಇನ್ನೊಂದು ಸುತ್ತು ಕಾಫಿ ಬಂತು. ಮೊಂಗೋಡಿಬಿ ಹಾಕು, ಅದರಲ್ಲಿ ಕಾಲಂಗಳ ಕಟ್ಟುಪಾಡಿಲ್ಲ, ಏನು ಕೊಟ್ಟರೂ ಇಟ್ಟುಕೊಳ್ಳುತ್ತದೆ ಎಂದು ಒಬ್ಬ. ನನಗೆ ಹೆದರಿಕೆ ಹುಟ್ಟಿದ್ದೇ ಅಲ್ಲಿ. ಭಾವನ ಅಂಗಡಿಯ ಹುಡುಗ ಪುಸ್ತಕದಲ್ಲಿ ಒಂದೇ ಪಾತ್ರೆಯನ್ನು ಕೊಪ್ಪರಿಗೆ, ಕೊಪ್ಪರಿಕೆ, ಕೊಪ್ರಿಗೆ ಎಂದೆಲ್ಲ ಬರೆದು, ಕೈ ನೋವು ಬಂದ ದಿನ ‘ದೊಡ್ಡದು’ ಎಂದಷ್ಟೇ ಬರೆಯುತ್ತಾನೆ. ಏನು ಕೊಟ್ಟರೂ ಇಟ್ಟುಕೊಳ್ಳುವ ಪುಸ್ತಕ ಅಲ್ಲಿ ಆಗಲೇ ಒಂದಿದೆ.

ಎಸ್‌ಕ್ಯೂಲೈಟ್ ಸಾಕಲ್ಲವೇ ಎಂದೆ. ಎಲ್ಲರೂ ನಕ್ಕರು. ಒಂದೇ ಫೈಲಿನಲ್ಲಿ ಕೂರುವ ಡೇಟಾಬೇಸ್ ಎಂದರೆ ಇಂಥವರಿಗೆ ತಾತ್ಸಾರ. ರಿಚರ್ಡ್ ಹಿಪ್ ಅದನ್ನು 2000ದಲ್ಲಿ ಬರೆದದ್ದು ಅಮೆರಿಕದ ನೌಕಾಪಡೆಯ ಕ್ಷಿಪಣಿ ನೌಕೆಯ ಕೆಲಸದಲ್ಲಿದ್ದಾಗ. ಈಗ ನಮ್ಮೆಲ್ಲರ ಮೊಬೈಲಿನೊಳಗೂ ಅದು ಕೂತಿದೆ. ಯುದ್ಧನೌಕೆಯ ಕೆಲಸದಲ್ಲಿ ಹುಟ್ಟಿದ್ದು ತಿಪಟೂರಿನ ಶಾಮಿಯಾನಕ್ಕೆ ಸಾಲದು ಎಂದು ಆ ಸಭೆ ಒಮ್ಮತದಿಂದ ತೀರ್ಮಾನಿಸಿತು. ಅವರು ಒಮ್ಮತಕ್ಕೆ ಬಂದದ್ದು ಅದೊಂದು ವಿಷಯದಲ್ಲಿ.

ನಾವು ಇಲ್ಲಿ ಆರಿಸುತ್ತಿದ್ದಂತೆ ಅಲ್ಲಿ ಮದುವೆಯ ಕಾಲ ಬಂದೇಬಿಟ್ಟಿತು. ಭಾವ ಕಾದು ಸಾಕಾಗಿ, ಅಲ್ಲೇ ಕಾಲೇಜು ಓದುತ್ತಿದ್ದ ಹುಡುಗನೊಬ್ಬನಿಗೆ ಹೇಳಿದರು. ಅವನು ಯಾರನ್ನೂ ಏನನ್ನೂ ಕೇಳದೆ ವೆಬ್‌ಸೈಟಿಗೆ ಜಾಗ ಬಾಡಿಗೆಗೆ ಕೊಡುವ ಅಗ್ಗದ ಹೋಸ್ಟಿಂಗ್ ಕಂಪನಿಯೊಂದನ್ನು ಹಿಡಿದು, ಆ ಕಂಪನಿಯವರು ಕೊಟ್ಟ ಪಿಎಚ್‌ಪಿ ಭಾಷೆ, ಅವರೇ ಕೊಟ್ಟ ಹಳೆಯ ಮೈಎಸ್‌ಕ್ಯೂಎಲ್ ಡೇಟಾಬೇಸ್ ಹಾಕಿ ಮುಗಿಸಿಯೇಬಿಟ್ಟ. ಆ ಹುಡುಗನ ಮೇಲೆ ನನಗೆ ಇಂದಿಗೂ ಗೌರವವಿದೆ.

ವಾರ ಕಳೆಯುವುದರೊಳಗೆ ಭಾವನ ಫೋನ್ ಬಂತು. ‘ನಮ್ಮ ಗಿರಾಕಿಗಳೆಲ್ಲ ಪ್ರಶ್ನೆಗಳಾಗಿದ್ದಾರೆ!’

ನೋಡಿದರೆ ಹೆಸರಿನ ಕಾಲಂ ತುಂಬ ಪ್ರಶ್ನಾರ್ಥಕ ಚಿಹ್ನೆಗಳು. ಮೈಎಸ್‌ಕ್ಯೂಎಲ್ ಸ್ವೀಡನ್ ಮೂಲದ್ದು. ನಾವಾಗಿ ಏನೂ ಹೇಳದಿದ್ದರೆ ಅದರ ಹಳೆಯ ಆವೃತ್ತಿಗಳು ಬರಹವನ್ನು ಲ್ಯಾಟಿನ್ ಅಕ್ಷರಗಳ ಸಂಕೇತದಲ್ಲಿಟ್ಟು ಸ್ವೀಡಿಷ್ ಅಕಾರಾದಿಯಲ್ಲಿ ಜೋಡಿಸುತ್ತಿದ್ದವು. ಆ ರೂಢಿ ಬದಲಾದದ್ದು 2018ರ ಎಂಟನೆಯ ಆವೃತ್ತಿಯಲ್ಲಿ. ಕನ್ನಡದ ಅಕ್ಷರ ಬಂದರೆ ಅದಕ್ಕೆ ಜಾಗವಿಲ್ಲ. ಅಕ್ಷರ, ಸೊನ್ನೆ, ಕೊಂಬು ಎಂದು ಕಂಪ್ಯೂಟರ್ ಬೇರೆಬೇರೆಯಾಗಿ ಎಣಿಸುವ ಒಂದೊಂದು ಸಂಕೇತಕ್ಕೆ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕೈತೊಳೆದುಕೊಳ್ಳುತ್ತಿತ್ತು. ಒತ್ತಕ್ಷರದಲ್ಲಿ ಎರಡು ವ್ಯಂಜನಗಳನ್ನು ಬೆಸೆಯುವ ವಿರಾಮವೆಂಬ ಗುರುತಿಗೂ ಒಂದು ಸಂಕೇತವಿರುವುದರಿಂದ ರಂಗಪ್ಪ ಎಂದರೆ ಆರು ಚಿಹ್ನೆ. ಗಂಗಮ್ಮ ಎಂದರೂ ಆರು. ಗಂಗಪ್ಪನಿಗೂ ರಂಗಮ್ಮನಿಗೂ ಆರಾರೇ. ಗುಂಡಪ್ಪ ಒಬ್ಬನೇ ಒಂದು ಕೊಂಬಿನ ಬಲದಿಂದ ಏಳು ಚಿಹ್ನೆಯವನಾಗಿ ಗುರುತು ಉಳಿಸಿಕೊಂಡಿದ್ದ. ಅವನಿಂದ ಮಾತ್ರ ಬಾಕಿ ವಸೂಲಾಯಿತು.

ಹೋದ ಹೆಸರು ಮತ್ತೆ ಬರುವ ಹಾಗಿರಲಿಲ್ಲ. ಡೇಟಾಬೇಸಿನಲ್ಲಿ ಉಳಿದಿದ್ದದ್ದೇ ಪ್ರಶ್ನಾರ್ಥಕ ಚಿಹ್ನೆ. ಪುಸ್ತಕ ನೋಡಿಕೊಂಡು ಎಲ್ಲವನ್ನೂ ಮತ್ತೆ ತುಂಬಬೇಕಾಯಿತು. ಕಾಲೇಜು ಹುಡುಗ ಈ ಸಲ ಕೋಷ್ಟಕವನ್ನು ಕನ್ನಡದಂಥ ಲಿಪಿಗಳಿಗೂ ಜಾಗವಿರುವ ‘ಯುಟಿಎಫ್8’ ಎಂಬ ಸಂಕೇತ ವ್ಯವಸ್ಥೆಗೆ ಬದಲಿಸಿದ, ಕನ್ನಡ ಹಲ್ಲು ಬಿಟ್ಟು ನಕ್ಕಿತು. ಆದರೆ ಮೈಎಸ್‌ಕ್ಯೂಎಲ್‌ನಲ್ಲಿ ಆ ಹೆಸರಿನ ವ್ಯವಸ್ಥೆ ಒಂದು ಸಂಕೇತಕ್ಕೆ ಮೂರು ಬೈಟ್‌ವರೆಗೆ ಮಾತ್ರ ಜಾಗ ಕೊಡುತ್ತದೆ. ಕನ್ನಡಕ್ಕೆ ಮೂರು ಸಾಕು. ವಾಟ್ಸ್‌ಆ್ಯಪ್‌ನಲ್ಲಿ ನಮ್ಮ ಜನ ಮಾತಿಗೊಂದು ಹಾಕುವ ಕೈಮುಗಿದ ಎಮೋಜಿಗೆ ನಾಲ್ಕು ಬೇಕು. ಅದು ಎದುರಾದ ಕೂಡಲೇ ಆ ಹಳೆಯ ಡೇಟಾಬೇಸ್ ಅಲ್ಲಿಂದಾಚೆಗಿನ ಬರಹವನ್ನೆಲ್ಲ ಕತ್ತರಿಸಿ ಉಳಿದದ್ದನ್ನು ಸದ್ದಿಲ್ಲದೆ ಒಳಗಿಡುತ್ತಿತ್ತು. ‘ಅಣ್ಣ ನಮಸ್ಕಾರ’, ಕೈಮುಗಿದ ಚಿತ್ರ, ‘ಮಗಳ ಮದುವೆ, ಮುನ್ನೂರು ಕುರ್ಚಿ, ಎರಡು ಕೊಳದಪ್ಪಲೆ’ ಎಂದು ಬಂದ ಆರ್ಡರಿನಲ್ಲಿ ಉಳಿಯುತ್ತಿದ್ದದ್ದು ‘ಅಣ್ಣ ನಮಸ್ಕಾರ’. ವಿನಯವಂತ ಗಿರಾಕಿಗಳ ಮನೆಗೆ ಏನೂ ಹೋಗಲಿಲ್ಲ. ‘ಏನ್ರೀ, ಕುರ್ಚಿ ಎಲ್ಲಿ?’ ಎಂದು ನೇರವಾಗಿ ಗದರಿದವರಿಗೆಲ್ಲ ಸಾಮಾನು ಸರಿಯಾಗಿ ತಲುಪಿತು.

ಇಷ್ಟಾದ ಮೇಲೆ ನಾನು ಗೆಳೆಯರಿಗೆ ತಿಳಿಸದೆ ಜಾಂಗೋ ಮತ್ತು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಹಿಡಿದು ಕೂತೆ. ಪೋಸ್ಟ್‌ಗ್ರೆಸ್ 1986ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕಲ್ ಸ್ಟೋನ್‌ಬ್ರೇಕರ್ ಅವರ ಕೈಯಲ್ಲಿ ಶುರುವಾದದ್ದು, ಕಟ್ಟುನಿಟ್ಟಿಗೆ ಹೆಸರಾದದ್ದು. ಅದರಲ್ಲಿ ನನಗೆ ಬಹಳ ಇಷ್ಟವಾದ ಒಂದು ಸೌಲಭ್ಯವಿದೆ: ಒಂದೇ ವಸ್ತುವಿನ ಎರಡು ಕಾಯ್ದಿರಿಸುವಿಕೆಗಳ ಅವಧಿ ಒಂದರ ಮೇಲೊಂದು ಬೀಳಬಾರದು ಎಂದು ಡೇಟಾಬೇಸಿಗೇ ಹೇಳಿಡಬಹುದು. ಅಂಗಡಿಯಲ್ಲಿರುವುದು ಒಂದೇ ಜನರೇಟರ್. ಭಾವ ಒಂದು ಫೋನಿನಲ್ಲಿ, ಅಂಗಡಿಯ ಹುಡುಗ ಇನ್ನೊಂದು ಫೋನಿನಲ್ಲಿ ಅದನ್ನು ಒಂದೇ ಕ್ಷಣದಲ್ಲಿ ಇಬ್ಬರಿಗೆ ಒಪ್ಪಿಕೊಂಡರೂ ಒಬ್ಬರಿಗೆ ಮಾತ್ರ ದಾಖಲಾಗುತ್ತದೆ, ಇನ್ನೊಬ್ಬರಿಗೆ ಆಗುವುದಿಲ್ಲ. ಹೆಮ್ಮೆಯಿಂದ ತೋರಿಸಿದೆ.

ಭಾವನಿಗೆ ಸಿಟ್ಟು ಬಂತು. ‘ಬೆಳಗ್ಗೆ ಒಬ್ಬರ ಮನೆಯ ಮುಹೂರ್ತ, ಸಂಜೆ ಇನ್ನೊಬ್ಬರ ಆರತಕ್ಷತೆ. ಒಂದು ಜನರೇಟರಿನಲ್ಲಿ ಎರಡು ಬಾಡಿಗೆ ಎತ್ತುತ್ತಿದ್ದೆ. ನಿನ್ನ ಕಂಪ್ಯೂಟರ್ ಬಂದು ಅರ್ಧ ಸಂಪಾದನೆ ಹೋಯಿತು.’ ದಿನದ ಲೆಕ್ಕವನ್ನು ಗಂಟೆಯ ಲೆಕ್ಕಕ್ಕೆ ಬದಲಿಸಿದೆ. ಆಗ, ಜನರೇಟರನ್ನು ಒಂದು ಮನೆಯಿಂದ ಇನ್ನೊಂದಕ್ಕೆ ಸಾಗಿಸುವ ಟೆಂಪೊ ದಾರಿಯಲ್ಲಿ ಎಷ್ಟು ಹೊತ್ತು ಟೀ ಕುಡಿಯುತ್ತದೆ ಎಂಬ ಪ್ರಶ್ನೆ ಎದ್ದಿತು. ಸ್ಪ್ರಿಂಗ್ ಬೂಟಿನಲ್ಲೂ ಅದಕ್ಕೆ ಉತ್ತರವಿರಲಿಲ್ಲ.

ಉಳಿದದ್ದು ಸರಾಗವಾಗಿಯೇ ನಡೆಯಿತು. ವಾಪಸು ಬಂದ ಸಾಮಾನಿನ ಸಂಖ್ಯೆ ಹೋದದ್ದಕ್ಕಿಂತ ಹೆಚ್ಚಿರಬಾರದು ಎಂದು ಇನ್ನೊಂದು ನಿಯಮ ಹಾಕಿದ್ದೆ. ಯಾರಿಗಾದರೂ ನ್ಯಾಯವೆನಿಸುವ ನಿಯಮ. ಒಂದು ರಾತ್ರಿ ಮತ್ತೆ ಫೋನ್. ಹನ್ನೆರಡು ಸೌಟು ಹೋಗಿತ್ತು, ಹದಿಮೂರು ಬಂದಿದೆ, ಕಂಪ್ಯೂಟರ್ ಒಪ್ಪುತ್ತಿಲ್ಲ.

‘ಸಾಧ್ಯವಿಲ್ಲ ಭಾವ, ಇನ್ನೊಮ್ಮೆ ಎಣಿಸಿ’ ಎಂದೆ.

‘ಸೌಟು ನನ್ನ ಕೈಯಲ್ಲಿದೆ. ಸಾಧ್ಯವಿಲ್ಲ ಎನ್ನುತ್ತೀಯಲ್ಲ!’

ಮದುವೆ ಮನೆಯವರ ಸ್ವಂತ ಸೌಟೊಂದು ಪಾತ್ರೆ ತೊಳೆಯುವ ಗಡಿಬಿಡಿಯಲ್ಲಿ ಬಾಡಿಗೆಯ ಸೌಟುಗಳ ಜೊತೆ ಟೆಂಪೊ ಹತ್ತಿತ್ತು. ಹೀಗಾಗುವುದು ವಾಡಿಕೆಯಂತೆ, ಪುಸ್ತಕದಲ್ಲಿ ಅಂಚಿಗೆ ಬರೆದುಕೊಳ್ಳುತ್ತಿದ್ದರು. ಡೇಟಾಬೇಸಿಗೆ ಅಂಚಿಲ್ಲ. ನಿಯಮ ಸಡಿಲಿಸಿ ಕೊಡುತ್ತೇನೆ, ಎರಡು ದಿನ ತಾಳಿ ಎಂದೆ. ಅಲ್ಲಿಯವರೆಗೆ ಹನ್ನೆರಡು ಎಂದೇ ಬರೆದು, ಹದಿಮೂರನೆಯದನ್ನು ಅಕ್ಕನ ಕೈಗೆ ಕೊಟ್ಟರು. ಹಿತ್ತಾಳೆಯದು, ಉದ್ದ ಹಿಡಿ, ಹುಳಿ ಬಡಿಸಲು ಹೇಳಿ ಮಾಡಿಸಿದಂತಿದೆ ಎಂದು ಅಕ್ಕ ಮೆಚ್ಚಿಕೊಂಡಳು.

ಮರುದಿನ ಮದುವೆ ಮನೆಯವರು ಸೌಟು ವಿಚಾರಿಸಿಕೊಂಡು ಅಂಗಡಿಗೇ ಬಂದರಂತೆ. ಕಂಪ್ಯೂಟರನ್ನು ಅಲ್ಲಿಯವರೆಗೆ ಒಂದು ದಿನವೂ ನಂಬದ ಭಾವ, ಕನ್ನಡಕ ಏರಿಸಿ ಮೊಬೈಲಿನಲ್ಲಿ ಅವರ ಲೆಕ್ಕ ತೆಗೆದು ಎದುರಿಗೆ ಹಿಡಿದರಂತೆ: ‘ಹೋದದ್ದು ಹನ್ನೆರಡು, ಬಂದದ್ದು ಹನ್ನೆರಡು. ನೀವೇ ನೋಡಿ ಸ್ವಾಮಿ, ಬೆಂಗಳೂರಿನಲ್ಲಿ ಮಾಡಿಸಿದ್ದು, ತಪ್ಪು ಹೇಳುವುದಿಲ್ಲ.’