ಹಾಳೆಗೆ ಅಂಟಿದ ಗೌರಿ ಹೂ

ಈ ಸಲ ಗೌರಿ ಹಬ್ಬಕ್ಕೆ ಊರಿಗೆ ಹೋಗೋಕೆ ಆಗ್ಲಿಲ್ಲ, ಬೆಂಗಳೂರಲ್ಲೇ ಕೂತು ಲ್ಯಾಪ್‌ಟಾಪಲ್ಲಿ ಗೌರಿ ಹೂವಿನ ಹರ್ಬೇರಿಯಂ ಹಾಳೆಗಳನ್ನ ನೋಡ್ತಿದ್ದೆ (ಹರ್ಬೇರಿಯಂ ಅಂದ್ರೆ ಗಿಡಗಳನ್ನ ಒಣಗಿಸಿ ಹಾಳೆಗೆ ಅಂಟಿಸಿಡೋ ಸಂಗ್ರಹ), ಯಾಕೆ ಅಂತ ಕೇಳ್ಬೇಡಿ, ಒಬ್ಬೊಬ್ರಿಗೆ ಒಂದೊಂದು ಹುಚ್ಚು. ಬೇಲಿಗೆ ಬೆಂಕಿ ಹತ್ಕೊಂಡಂಗೆ ಕಾಣತ್ತಲ್ಲ, ಅಗ್ನಿಶಿಖೆ ಅಂತಲೂ ಅಂತಾರೆ, ಅದೇ ಬಳ್ಳಿ. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇದಕ್ಕೆ ಗ್ಲೋರಿಯೋಸಾ ಸುಪರ್ಬಾ ಅಂತ ಹೆಸರು ಕೊಟ್ಟ, ಲ್ಯಾಟಿನ್‌ನಲ್ಲಿ ವೈಭವದ್ದು, ಭವ್ಯವಾದದ್ದು ಅಂತ. ಹೊಗಳೋದ್ರಲ್ಲಿ ಪುಣ್ಯಾತ್ಮ ಜಿಪುಣತನ ಮಾಡ್ಲಿಲ್ಲ.

ಹಾಳೆ ಮೇಲೆ ನೋಡಿದ್ರೆ ಅಯ್ಯೋ ಅನ್ಸತ್ತೆ. ಬೇಲೀಲಿ ಆರೂ ದಳ ಹಿಂದಕ್ಕೆ ಬಾಗಿ, ಅಂಚೆಲ್ಲ ಅಲೆಅಲೆಯಾಗಿ ಜೋತಾಡೋ ಹೂವನ್ನ ಪೇಪರ್ ಮಧ್ಯ ಒತ್ತಿ ಒಣಗಿಸಿದ್ರೆ ಚಪ್ಪಲಿಗೆ ಸಿಕ್ಕ ಜೇಡದ ಥರ ಆಗತ್ತೆ, ಬಣ್ಣವೂ ಹೋಗಿ ಬರೀ ಕಂದು. ಅದಕ್ಕೇ ಮೂಲೇಲಿ ಲೇಬಲ್ಲು: ಯಾರು ಕಿತ್ತಿದ್ದು, ಎಷ್ಟನೇ ನಂಬರ್, ಯಾವತ್ತು, ಎಲ್ಲಿ, ಬಳ್ಳೀನೋ ಗಿಡಾನೋ, ಹೂ ಯಾವ ಬಣ್ಣ. ಈ ಹೂಗೆ ಆ ಕೊನೇ ಪ್ರಶ್ನೆಯೇ ಕಷ್ಟ, ಯಾಕಂದ್ರೆ ಅರಳುವಾಗ ಹಸಿರು ಮಿಶ್ರಿತ ಹಳದಿ, ಬರ್ತಾ ಬರ್ತಾ ಕೆಂಪು, ಇವತ್ತು ಹೋದವನು ಹಳದಿ ಅಂತ ಬರೀತಾನೆ, ನಾಲ್ಕು ದಿನ ಬಿಟ್ಟು ಹೋದವನು ಕೆಂಪು ಅಂತಾನೆ, ಇಬ್ರೂ ಸುಳ್ಳುಗಾರರಲ್ಲ.

ಹಳೇ ಹಾಳೆಗಳಲ್ಲಿ ಕುಟುಂಬ ಲಿಲಿಯೇಸಿ, ಈಗ ಕಾಲ್ಚಿಕೇಸಿ. ಹಳೇದನ್ನ ಕಿತ್ತು ಬಿಸಾಕಲ್ಲ, ಪಕ್ಕದಲ್ಲೊಂದು ಹೊಸ ಚೀಟಿ ಅಂಟಿಸ್ತಾರೆ, ತವರುಮನೆ ಹೆಸರು ಗಂಡನ ಮನೆ ಹೆಸರು ಎರಡೂ ಇಟ್ಕೊಂಡಂಗೆ.

ಗೆಡ್ಡೆ ಬಾಗಿದ ನೇಗಿಲಿನ ಹಾಗಿರತ್ತೆ, ಸಂಸ್ಕೃತದಲ್ಲಿ ಲಾಂಗಲಿ ಅನ್ನೋದು ಅದಕ್ಕೇ, ಒಳಗೆ ಕಾಲ್ಚಿಸಿನ್ ಅನ್ನೋ ವಿಷ. 'ಹೂ ಕೊಯ್ಕೊಂಡ್ ಬಾ ಮಗಾ, ಗೆಡ್ಡೆ ಮಾತ್ರ ಮುಟ್ಬೇಡ' ಅಂತಿದ್ಲು ಅಜ್ಜಿ. ಹುಳ ಹಿಡೀಬಾರ್ದು ಅಂತ ಎಷ್ಟೋ ಹರ್ಬೇರಿಯಂಗಳಲ್ಲಿ ಮರ್ಕ್ಯುರಿಕ್ ಕ್ಲೋರೈಡ್ ಬಳೀತಿದ್ರಂತೆ, ಅಂದ್ರೆ ವಿಷದ ಗಿಡಕ್ಕೆ ಇನ್ನೊಂದು ವಿಷ. ಹಾಳೆ ಮುಟ್ಬೇಡ ಅಂತ ಅಲ್ಲೂ ಒಬ್ಳು ಅಜ್ಜಿ ಬೇಕಿತ್ತು.

ಅಂದಹಾಗೆ ಒಂದೊಂದು ಹರ್ಬೇರಿಯಂಗೂ ಗುರುತಿಗೆ ಒಂದು ಕೋಡ್ ಇರತ್ತೆ, ಬೆಂಗಳೂರಿನ ಐಐಎಸ್‌ಸಿ ಹರ್ಬೇರಿಯಂನ ಕೋಡ್ ಜೆಸಿಬಿ. ಆಣೆ ಮಾಡಿ ಹೇಳ್ತೀನಿ, ತಮಾಷೆ ಅಲ್ಲ. ನಮ್ಮೂರ ರಸ್ತೆ ಅಗಲ ಮಾಡುವಾಗ ಗೌರಿ ಹೂವಿನ ಬೇಲಿ ಕಿತ್ತಿದ್ದೂ ಜೆಸಿಬಿನೇ.

ಅಜ್ಜಿಗೆ ತಾರೀಖು ಗೊತ್ತಿರ್ಲಿಲ್ಲ, ಈ ಹೂ ಕಂಡ್ರೆ ಗೌರಿ ಬಂದ್ಲು ಅಂತ ಲೆಕ್ಕ. ಲೇಬಲ್ಲಲ್ಲಿ ತಾರೀಖು ಬಿಟ್ರೆ ಹಬ್ಬದ ಸುದ್ದೀನೇ ಇಲ್ಲ. ಒಂದ್ರಲ್ಲಿ ಸೆಪ್ಟೆಂಬರ್ ಅಂತಿತ್ತು, ಆ ವರ್ಷ ಆ ಹೊತ್ತಿಗೆ ಗೌರಿ ಬಂದಿದ್ಲೋ ಹೊರಟೇಹೋಗಿದ್ಲೋ ಅಂತ ಹಳೇ ಪಂಚಾಂಗ ಹುಡುಕ್ತಾ ಕೂತಿದ್ದೆ, ಕುಕ್ಕರ್ ಐದು ಸೀಟಿ ಹಾಕಿದ್ದು ಗೊತ್ತೇ ಆಗ್ಲಿಲ್ಲ.